ಬೆರಳ ಮೇಲಿನ ಸುಣ್ಣ

ನನ್ನ ಕಾಕಾ ಶೇಂಗಾ ಸುಲಿಯುತ್ತಿದ್ದುದು ಹೆಬ್ಬೆರಳು ಮತ್ತು ಅಂಗೈಯ ನಡುವೆ ಒತ್ತಿ. ಉಳಿದ ಬೆರಳುಗಳು ಮಾತು ಕೇಳುತ್ತಿರಲಿಲ್ಲ. ಎಡಗೈಯ ಕಿರುಬೆರಳು ಹೊರಕ್ಕೆ ತಿರುಗಿ ನಿಂತಿತ್ತು, ಅದರ ಪಕ್ಕದ್ದು ಒಳಕ್ಕೆ ಮಡಚಿಕೊಂಡಿತ್ತು, ಬಲಗೈಯ ಗೆಣ್ಣುಗಳು ಒಳಗೆ ಹುಣಸೆಬೀಜ ಹುದುಗಿಸಿಟ್ಟಂತೆ ಉಬ್ಬಿದ್ದವು. ನಾನು ಅರ್ಧ ಗಂಟೆಯಲ್ಲಿ ಮುಗಿಸುವ ಕಾಯಿಗೆ ಅವನಿಗೆ ಇಡೀ ಬೆಳಗು ಬೇಕಾಗುತ್ತಿತ್ತು. ಆದರೂ ದಿನಾ ನಾನು ಕೆಲಸಕ್ಕೆ ಹೊರಡುವ ಮುಂಚೆ ಬುಟ್ಟಿಯನ್ನು ಅವನ ಮುಂದಿಟ್ಟೇ ಹೋಗುತ್ತಿದ್ದೆ. ಅವನ ಹೆಂಡತಿ, ನಮ್ಮ ಕಾಕು, ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಅವನನ್ನು ಅಕ್ಕಲಕೋಟೆಯಿಂದ ಸೊಲ್ಲಾಪುರದ ವಿಜಾಪುರ ರಸ್ತೆಯ ನಮ್ಮ ಮನೆಗೆ ಕರೆತಂದ ದಿನವೇ ಷರತ್ತು ಹಾಕಿದ್ದ.

"ಹೆಣ್ಣ ಕೊಟ್ಟ ಮನಿ ಯವ್ವಾ ಇದು. ಕೆಲಸ ಕೊಡು, ಇರ್ತೀನಿ. ಇಲ್ಲಂದ್ರ ಸಂಜಿ ಬಸ್ಸಿಗೆ ವಾಪಸ್."

ಹಾಗಾಗಿ ಐದು ವರ್ಷ ನಮ್ಮ ಮನೆಯ ಶೇಂಗಾ ಚಟ್ನಿ ಅವನ ಖಾತೆ. ಸುಲಿಯುವುದು, ನಾನು ಹುರಿಯುವಾಗ ಹಿಂದೆ ನಿಂತು "ಹೊತ್ತಾಕತ್ತೈತಿ ನೋಡು" ಎಂದು ಕಾಡುವುದು, ಒರಳಲ್ಲಿ ಕುಟ್ಟುವುದು. ಒಮ್ಮೆ ಅವಸರಕ್ಕೆ ಮಿಕ್ಸರಿಗೆ ಹಾಕಿದ್ದಕ್ಕೆ ಎರಡು ದಿನ ಮುಟ್ಟಲಿಲ್ಲ. "ಎಣ್ಣಿ ಬಿಟ್ಟಿಲ್ಲ ಅದು, ಬರೇ ಹಿಟ್ಟು" ಎಂದ.

ಆ ಬೆರಳುಗಳು ಹಾಗಾದದ್ದು ಕಬಡ್ಡಿಯಿಂದ. ಕಾಕಾ ಸೊಲ್ಲಾಪುರದ ಒಂದು ಬಟ್ಟೆ ಗಿರಣಿಯ ತಂಡದಲ್ಲಿ ಎಡಮೂಲೆಯ ಆಟಗಾರ. ಎದುರಾಳಿ "ಕಬಡ್ಡಿ ಕಬಡ್ಡಿ" ಎಂದು ದಮ್ಮು ಹಿಡಿದು ಒಳಗೆ ಬಂದಾಗ ಮೊದಲು ಅವನ ಕಾಲಿಗೆ ಬೀಳುವವನು ಮೂಲೆಯವನೇ. ಆಗ ಈಗಿನಂತೆ ಮೆತ್ತನೆಯ ಚಾಪೆ ಇರಲಿಲ್ಲ, ಹರಳು ತುಂಬಿದ ಗಟ್ಟಿ ನೆಲ. ಕಣಕಾಲು ಹಿಡಿದರೆ ಕಾಕಾ ಬಿಡುತ್ತಿರಲಿಲ್ಲ. ಒದೆ ಮುಖಕ್ಕೆ ಬಿದ್ದರೂ ಇಲ್ಲ, ನಾಲ್ಕು ಮಂದಿ ಕೈಮೇಲೆ ಬಿದ್ದರೂ ಇಲ್ಲ. ಬೆರಳು ಮುರಿದರೆ ಹೊರಗೆ ಬಂದು, ಯಾರದೋ ಸೀರೆಯ ಅಂಚು ಸುತ್ತಿಕೊಂಡು, ಮತ್ತೆ ಒಳಗೆ. ಹೊರಗೆ ನಿಂತವರು ಎದುರಾಳಿಯನ್ನು ಹೆದರಿಸುತ್ತಿದ್ದರು: "ಏ, ಕಾಲ ಎಣಿಸ್ಕೊಂಡ ಹೋಗಲೇ! ಆ ಮೂಲ್ಯಾಗ ಮೊಸಳಿ ಐತಿ!"

ಇದಕ್ಕಿಂತ ದೊಡ್ಡ ಹೆಸರು ಇನ್ನೊಂದಿತ್ತು. ಎದುರಾಳಿಯ ಉಗುರು ತಾಗಿದರೂ ಸಾಕು, ಯಾರೂ ನೋಡದಿದ್ದರೂ ಸೈ, ಕಾಕಾ ತಾನೇ ಕೈ ಎತ್ತಿ ಹೊರಗೆ ನಡೆಯುತ್ತಿದ್ದ. ಹೀಗಾಗಿ ಧೂಳಿನಲ್ಲಿ ಏನೂ ಕಾಣದಾದಾಗ ಪಂಚರು ಅವನನ್ನೇ ಕೇಳುತ್ತಿದ್ದರು. ಅವನು ಹೌದೆಂದರೆ ಹೌದು, ಇಲ್ಲವೆಂದರೆ ಇಲ್ಲ. ಎರಡೂ ಕಡೆಯವರು ಒಪ್ಪುತ್ತಿದ್ದರು.

ಅಕ್ಕಲಕೋಟೆಯಲ್ಲಿ ನಡೆದ ಆ ಪಂದ್ಯದ ಹೊತ್ತಿಗೆ ನಾನು ನಾಲ್ಕನೇ ಇಯತ್ತೆ. ಅಪ್ಪ ನನ್ನನ್ನು ಚಕ್ಕಡಿಯ ಮೇಲೆ ನಿಲ್ಲಿಸಿದ್ದರು. ಎದುರಿಗೆ ಕಂದಲಗಾಂವದ ತಂಡ. ಅವರಲ್ಲೊಬ್ಬ ತೆಳ್ಳಗಿನ ಆಟಗಾರ, ಗಾಳಿಯಂತೆ ಬಂದು ಮುಟ್ಟಿ ಹೋಗುವವನು. ಎರಡೂ ಕಡೆ ಅಂಕ ಸಮ, ಉಳಿದದ್ದು ಒಂದೇ ಸರದಿ. ಅವನು ಬಂದ, ಕಾಕಾ ಕಾಲು ಹಿಡಿದ, ಉಳಿದವರು ಮೇಲೆ ಬಿದ್ದರು. ರಾಶಿ ಉರುಳುತ್ತ ನಡುಗೆರೆಯ ಹತ್ತಿರ ಬಂತು. ಅವನ ಕೈ ಗೆರೆ ದಾಟಿದ್ದರೆ ಪಂದ್ಯ ಅವರದು, ಇಲ್ಲದಿದ್ದರೆ ನಮ್ಮದು. ನನಗೆ ಕಂಡದ್ದು ಧೂಳು ಮಾತ್ರ. ಪಂಚರು ಬಗ್ಗಿ ಕಾಕಾನನ್ನು ಕೇಳಿದರು. ಕಾಕಾ ತಲೆ ಅಲ್ಲಾಡಿಸಿದ. ಇಲ್ಲ.

ಗೆದ್ದ ಗದ್ದಲದಲ್ಲಿ ಎಲ್ಲರೂ ಕುಣಿಯುತ್ತಿದ್ದರೆ, ಮೊಣಕಾಲು ತಿರುಚಿ ಬಿದ್ದು ನರಳುತ್ತಿದ್ದ ಆ ಆಟಗಾರನ ಹತ್ತಿರ ಮೊದಲು ಹೋದವನು ಕಾಕಾ. ಅವನ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು ಎಬ್ಬಿಸಿದ. ಅದನ್ನು ನಾನು ಕಣ್ಣಾರೆ ನೋಡಿದೆ. ಜನ ಶಿಳ್ಳೆ ಹೊಡೆದದ್ದು ಗೆಲುವಿಗಲ್ಲ, ಅದಕ್ಕೆ. ಬಿದ್ದ ವೈರಿಗೆ ಕೈ ಕೊಟ್ಟವನು ಎಂಬ ಮಾತು ಅಕ್ಕಲಕೋಟೆಯ ಚಹಾದಂಗಡಿಗಳಲ್ಲಿ ವರ್ಷಗಟ್ಟಲೆ ತಿರುಗಿತು. ಬದಲಿ ಕಾರ್ಮಿಕನಾಗಿದ್ದ ಕಾಕಾನನ್ನು ಗಿರಣಿಯವರು ಕಾಯಂ ಮಾಡಿಕೊಂಡರು. ಕಂದಲಗಾಂವದ ಆಟಗಾರ ಮತ್ತೆಂದೂ ಓಡಲಿಲ್ಲ ಎಂದು ಕೇಳಿದ್ದೆ. ಕಥೆಯ ಆ ತುದಿಯನ್ನು ನಮ್ಮ ಮನೆಯಲ್ಲಿ ಯಾರೂ ಹೆಚ್ಚು ಹೇಳುತ್ತಿರಲಿಲ್ಲ.

ನಾನಂತೂ ಕೈ ಕೊಟ್ಟ ಸಂಗತಿಯನ್ನು ಹೇಳದೆ ಬಿಟ್ಟವಳಲ್ಲ. ಸಾಲೆಯಲ್ಲಿ ಹೇಳಿದೆ, ಗಂಡನ ಮನೆಗೆ ಬಂದು ಹೇಳಿದೆ, ನಾನು ಗುಮಾಸ್ತೆಯಾಗಿರುವ ಕಚೇರಿಯಲ್ಲಿ ಊಟದ ಹೊತ್ತಿಗೆ ಡಬ್ಬಿ ಬಿಚ್ಚಿದಾಗಲೆಲ್ಲ ಹೇಳಿದೆ.

ಕಳೆದ ವರ್ಷ ಹಳೆಯ ಆಟಗಾರರಿಗೆ ಸತ್ಕಾರ ಮಾಡುತ್ತೇವೆಂದು ಕೆಲವರು ಮನೆಗೆ ಬಂದರು. ಶಾಲು, ತೆಂಗಿನಕಾಯಿ, ತಲೆಗೆ ಫೇಟಾ. ಪ್ರತಿಯೊಬ್ಬರ ಬಗ್ಗೆ ಮರಾಠಿಯಲ್ಲಿ ಒಂದು ಪುಟ ಬರೆದುಕೊಡಬೇಕು, ನಿರೂಪಕರು ಓದುತ್ತಾರೆ, ಆಟಗಾರರು ಎದ್ದು ನಿಂತರೆ ಸಾಕು. ಕಾಕಾ ಒಂದೇ ಪ್ರಶ್ನೆ ಕೇಳಿದ.

"ಕಂದಲಗಾಂವದಾಂವ ಬರ್ತಾನೇನು?"

"ಕರದೇವ್ರಿ. ಬರ್ತೀನಿ ಅಂದಿಲ್ಲ."

"ನಾ ಹೇಳೀನಂತ ಹೇಳ್ರಿ. ಬಾ ಅಂದಾನ, ನಿನ್ನ ಮಾತ ಒಂದ ನನ್ನ ಹತ್ರ ಉಳದೈತಿ ಅಂದಾನ ಅನ್ರಿ."

ಮರುದಿನ ಭಾನುವಾರ. ಕಾಕಾ ಬುಟ್ಟಿಯ ಮುಂದೆ ಕೂತು, "ಬರಕೋ" ಎಂದ. "ನಾ ಹೇಳಿದಂಗ ಬರಕೋ. ಆಮ್ಯಾಲ ಮರಾಠಿ ಮಾಡು." ನಾನು ಕಿರಾಣಿ ಚೀಟಿ ಬರೆಯುವ ನೋಟುಬುಕ್ಕಿನ ಹಿಂದಿನ ಹಾಳೆಗಳನ್ನು ತೆಗೆದೆ. ಊರು, ಗಿರಣಿ, ಮೂಲೆ ಎಲ್ಲ ಬರೆದಾಯಿತು. ಶೇಂಗಾ ಸಿಪ್ಪೆ ಒಡೆಯುತ್ತಲೇ ಹೇಳಿದ.

"ಅವನ ಕೈ ಗೆರಿ ದಾಟಿತ್ತು."

ನಾನು ಪೆನ್ನು ನಿಲ್ಲಿಸಿದೆ. ಮಗ್ಗದ ಸದ್ದಿನಲ್ಲಿ ಮೂವತ್ತು ವರ್ಷ ನಿಂತ ಕಾಕಾನ ಕಿವಿ ಹೋಗಿತ್ತು. ಹತ್ತಿರ ಸರಿದು ಕೂಗಿ ಕೇಳಿದೆ: "ಯಾರದು ಕಾಕಾ?"

"ಯಾರದಂದ್ರ? ಕಂದಲಗಾಂವದವಂದು. ಮೂರು ಬೆರಳ ದಾಟಿದ್ವು. ದಮ್ಮ ಇತ್ತು ಇನ್ನಾ, ನನ್ನ ಕಿವ್ಯಾಗ ಅನ್ನಾಕತ್ತಿದ್ದ. ಪಂಚರು ಕೇಳಿದ್ರು, ನಾ ಇಲ್ಲ ಅಂದೆ. ಎದ್ದ ನೋಡ್ತೀನಿ, ಗೆರಿ ಸುಣ್ಣ ಅವನ ಬೆರಳಿಗೆ ಹತ್ತೈತಿ. ಬೆಳ್ಳಗ. ಯಾರರ ನೋಡ್ಯಾರಂತ ಹೋಗಿ ಕೈ ಹಿಡದೆ." ಸುಲಿದ ಬೀಜವನ್ನು ತಟ್ಟೆಗೆ ಹಾಕಿದ. "ಎಬ್ಬಿಸಾಕ ಅಲ್ಲ ಯವ್ವಾ. ಒರಸಾಕ."

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಗೆದ್ದರ ಕಾಯಂ ಅಂದಿದ್ರು. ಅದಕ್ಕ. ಬರದಿ?"

"ಇಷ್ಟು ವರ್ಷ ಆದ ಮ್ಯಾಲ ಯಾಕ ಕಾಕಾ? ಒಬ್ಬನ ಹೋಗಿ ಅವರಿಗೆ ಹೇಳಿದ್ರ ಆತಪ."

"ನಾಕ ಮಂದ್ಯಾಗ ಕಸಕೊಂಡೀನಿ. ನಾಕ ಮಂದ್ಯಾಗ ಕೊಡಬೇಕು. ನನಗ ಭಾಷಣ ಬರಂಗಿಲ್ಲ, ಬಾಯಿ ತಗದ್ರ ಗಿರಣಿ ಬೈಗಳ ಬರ್ತಾವ. ಕಾಗದ ಓದಲಿ. ಸುಣ್ಣ ಬರಿ. ಸುಣ್ಣ ಬಿಡಬ್ಯಾಡ."

ಬರೆದೆ. ಕಿವಿಯ ಹತ್ತಿರ ನನ್ನನ್ನು ಕೂಡಿಸಿಕೊಂಡು ಎರಡು ಸಲ ಓದಿಸಿ ಕೇಳಿದ.

ಸೋಮವಾರ ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಮರಾಠಿಗೆ ಇಳಿಸಲು ಕೂತೆ. ಪಂಚರು ಕೇಳಿದರು ಎಂಬಲ್ಲಿಯ ತನಕ ಕಾಕಾ ಹೇಳಿದಂತೆಯೇ ಬಂತು. ಆಮೇಲೆ ಕೈ ಮುಂದೆ ಹೋಗಲಿಲ್ಲ. ಪಕ್ಕದ ಟೇಬಲಿನವರು, "ಬಾಯಿಯವರೇ, ಸತ್ಕಾರಕ್ಕೆ ನಾವೂ ಬರುತ್ತೇವೆ, ಆ ಕೈ ಕೊಟ್ಟ ಕಾಕಾನನ್ನು ನೋಡಬೇಕು" ಎಂದು ಮರಾಠಿಯಲ್ಲಿ ಹೇಳಿದರು. ಎಂಬತ್ತರ ಹತ್ತಿರದ ಮನುಷ್ಯನನ್ನು ಜನರ ಮುಂದೆ ಸಣ್ಣವನನ್ನಾಗಿ ಮಾಡುವುದು ಸರಿಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವನ ಸಲುವಾಗಿ ಎಂದುಕೊಂಡೆ. ಈಗ ತಿಳಿಯುತ್ತದೆ, ಸಣ್ಣವಳಾಗುವ ಹೆದರಿಕೆ ನನ್ನದು. ಅಷ್ಟು ವರ್ಷ ಆ ಕಥೆಯನ್ನು ಹಂಚಿದವಳು ನಾನು.

ಸುಣ್ಣ ಬಿಟ್ಟೆ. ಬಿಟ್ಟದ್ದು ಅಷ್ಟೇ ಆಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ. ಪುಟ ಅರ್ಧಕ್ಕೇ ನಿಂತಿತ್ತು. ಅದನ್ನು ತುಂಬಿಸಲು ಹಳೆಯ ಕಥೆಯನ್ನೇ ಬರೆದೆ: ಬಿದ್ದ ಎದುರಾಳಿಗೆ ಎರಡೂ ಕೈ ನೀಡಿ ಎಬ್ಬಿಸಿದ ದೊಡ್ಡ ಮನಸ್ಸು.

ಸಂಜೆ ಕಾಕಾ ಆ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದ. ಅವನದು ಕನ್ನಡ ಸಾಲೆ, ಅದರ ಮೇಲೆ ಕಣ್ಣಿಗೆ ಪೊರೆ. ಮರಾಠಿಯಲ್ಲಿ ಬಸ್ಸಿನ ಫಲಕ ಓದುವಷ್ಟೇ ಬಲ್ಲ.

"ಎಲ್ಲಾ ಬಂದೈತೇನು?"

"ಬಂದೈತಿ ಕಾಕಾ."

ಕೆಳಗೆ ಕನ್ನಡದಲ್ಲಿ ಸಹಿ ಹಾಕಿದ. ಆ ಬೆರಳುಗಳಿಗೆ ಪೆನ್ನು ಹಿಡಿಯಲು ಹೊತ್ತಾಗುತ್ತಿತ್ತು. ಕಾದು ನಿಂತೆ.

ಸತ್ಕಾರದ ದಿನ ಬೆಳಿಗ್ಗೆ ಬೇಗ ಎದ್ದು, ಎಣ್ಣೆ ಹಚ್ಚಿಸಿಕೊಂಡು ಸ್ನಾನ ಮಾಡಿದ. ಹೊಸ ಧೋತರ ಉಟ್ಟ. ಕಿವಿಯ ಯಂತ್ರ ಅದರ ಡಬ್ಬಿಯಲ್ಲಿ, ದೇವರ ಮಾಡದ ಪಕ್ಕದ ಹಲಗೆಯ ಮೇಲಿತ್ತು. ಅದನ್ನು ಹಾಕಿಕೊಳ್ಳಲು ಎಂದೂ ಒಲ್ಲೆ ಎನ್ನುವವನು, ಅಂದು ತಾನಾಗಿಯೇ ಕೇಳಿದ: "ಹಾಕ್ಕೊಳ್ಳೇನು ಅದನ್ನ?"

"ಫೇಟಾ ಕಟ್ಟತಾರ ಕಾಕಾ, ಅದರಾಗ ಸಿಕ್ಕೊಂಡ ಶೀಟಿ ಹೊಡಿತೈತಿ," ಎಂದೆ.

"ಖರೇ," ಎಂದು ನಕ್ಕ. "ಹಂಗಾರ ಆ ಮಾತ ಬಂದಾಗ ನೀ ನನಗ ಸನ್ನಿ ಮಾಡು."

ಸಭಾಗೃಹ ತುಂಬಿತ್ತು. ವೇದಿಕೆಯ ಮೇಲೆ ಹನ್ನೊಂದು ಮಂದಿ ಮುದುಕರು, ಕೇಸರಿ ಫೇಟಾಗಳು ಎಲ್ಲರ ಹುಬ್ಬಿನ ತನಕ ಜಾರಿದ್ದವು. ಪಕ್ಕದವರೊಬ್ಬರು ಕಾಕಾನ ಫೇಟಾವನ್ನು ಮೇಲೆ ಸರಿಸುತ್ತ, "ಮೊಸಳಿಗಿ ಮದಿವಿ ಮಾಡಾಕತ್ತಾರಲೇ!" ಎಂದು ಅವನ ಕಿವಿಯಲ್ಲಿ ಕೂಗಿದ್ದು ಮೊದಲ ಸಾಲಿನ ನನಗೂ ಕೇಳಿಸಿತು. ಕಾಕಾ ನಗಲಿಲ್ಲ. ಎರಡನೇ ಸಾಲಿನ ತುದಿಯಲ್ಲಿ ಕೋಲು ಹಿಡಿದು ಕೂತ ತೆಳ್ಳಗಿನ ಮುದುಕರೊಬ್ಬರ ಮೇಲೆಯೇ ಅವನ ಕಣ್ಣು: ಕಂದಲಗಾಂವದವರು. ವೇದಿಕೆಯ ಮೇಲೂ ಅವರಿಗೊಂದು ಕುರ್ಚಿ ಇತ್ತು. ಅವರು ಮೇಲೆ ಬಂದಿರಲಿಲ್ಲ. ಆದರೆ ಬಂದಿದ್ದರು.

ನಿರೂಪಕರು ಓದಿದರು. ಊರು, ಗಿರಣಿ, ಮೂಲೆ. ಕಾಕಾ ಎದ್ದು ನಿಂತು ನನ್ನನ್ನೇ ನೋಡುತ್ತಿದ್ದ. ಪಂದ್ಯ ಬಂತು. ಪಂಚರು ಕೇಳಿದ ಮಾತು ಬಂತು. ಆಮೇಲೆ, ಬಿದ್ದ ಎದುರಾಳಿಗೆ ಎರಡೂ ಕೈ ನೀಡಿ ಎಬ್ಬಿಸಿದರು ಎಂಬ ನನ್ನ ಸಾಲು. ಹಿಂದೆ ಕುರ್ಚಿ ಸರಿದ ಸದ್ದಾಯಿತು. ಕಂದಲಗಾಂವದವರು ಎದ್ದು ನಿಂತಿದ್ದರು. ಕಾಕಾ ಅವರನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಅವನ ಮುಖದ ಮೇಲಿನ ಪ್ರಶ್ನೆಗೆ ನಾನು ತಲೆ ಅಲ್ಲಾಡಿಸಿದೆ. ಹೌದು ಎಂದು.

ಕಾಕಾ ಬಲಗೈ ಎತ್ತಿದ. ಹಿಂದೆ ಉಗುರು ತಾಗಿದಾಗ ಎತ್ತುತ್ತಿದ್ದನಲ್ಲ, ಹಾಗೆಯೇ, ಮೊಣಕೈ ಬಗ್ಗದಂತೆ ನೆಟ್ಟಗೆ. ಜನ ನಮಸ್ಕಾರವೆಂದು ತಿಳಿದು ಚಪ್ಪಾಳೆ ಹೊಡೆದರು. ಬಹಳ ಹೊತ್ತು ಇಳಿಸಲಿಲ್ಲ.

ರಿಕ್ಷಾದಲ್ಲಿ ಮನೆಗೆ ಬರುವಾಗ ಫೇಟಾವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದ. "ಕೇಳಿ ಎದ್ದ ನಿಂತ ನೋಡು," ಎಂದ. "ಅಂವ ದೊಡ್ಡಾಂವ. ಕೂತ ಕೇಳಾಕ ಆಗಲಿಲ್ಲ. ಅಷ್ಟ ಮಂದಿ ಚಪ್ಪಾಳಿ ಹೊಡದ್ರಲ್ಲ ಯವ್ವಾ, ನಾ ಉಗಳತಾರ ಅಂತ ಹೋಗಿದ್ನಿ." ಅಂದು ಎರಡು ರೊಟ್ಟಿ ಹೆಚ್ಚು ಉಂಡ.

ಆಮೇಲಿನ ಭಾನುವಾರಗಳನ್ನು ನಾನು ಬರೆಯದೆ ಬಿಡಬಹುದು, ಆದರೆ ಬಿಟ್ಟು ಬಿಟ್ಟೇ ಇಷ್ಟಾಗಿದೆ. ಪ್ರತಿ ಭಾನುವಾರ ಕಾಕಾ ಬೆಳಿಗ್ಗೆಯೇ ತಯಾರಾಗಿ ಹೊರಗಿನ ಕಟ್ಟೆಯ ಮೇಲೆ ಕೂಡುತ್ತಿದ್ದ. "ಕಂದಲಗಾಂವದಾಂವ ಬರ್ತಾನ. ಮೊದಲ ಬರದಿದ್ದಕ್ಕ ಕಾರಣ ಇತ್ತು, ಈಗೇನೈತಿ? ಎರಡ ರೊಟ್ಟಿ ಹೆಚ್ಚಿಗಿ ಬಡಿ." ಬಡಿಯುತ್ತಿದ್ದೆ. ಅವರಿಗೆಂದೇ ಒಂದು ಗಾಜಿನ ಬಾಟಲಿ ಚಟ್ನಿ ಕುಟ್ಟಿ ಇಟ್ಟಿದ್ದ. ಹಳೆಯದಾದರೆ ಅದನ್ನು ನಮಗೆ ಹಾಕಿ, ಹೊಸದು ಕುಟ್ಟಿ ತುಂಬುತ್ತಿದ್ದ. ಎಷ್ಟೋ ಸಲ ಅವನ ಪಕ್ಕ ಕೂತು ಹೇಳಿಬಿಡೋಣ ಎಂದುಕೊಂಡೆ. ಕೂಗಿ ಹೇಳಬೇಕಾಗಿತ್ತು, ಓಣಿಗೆಲ್ಲ ಕೇಳುವಂತೆ. ಅದೊಂದು ನೆವ. ಹಾಳೆಯಲ್ಲಿ ಬರೆದೂ ತೋರಿಸಬಹುದಿತ್ತು, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ.

ಬೇಸಗೆಯಲ್ಲಿ, ಮೂರು ದಿನದ ಜ್ವರದಲ್ಲಿ ಕಾಕಾ ಹೋದ. ಕಂದಲಗಾಂವಕ್ಕೆ ಸುದ್ದಿ ಕಳಿಸಿದೆವು. ಅವರು ಮಣ್ಣಿಗೆ ಬರಲಿಲ್ಲ.

ಸೂತಕದ ದಿನಗಳು ಮುಗಿದ ಮೇಲೆ ಒಂದು ಭಾನುವಾರ ಆ ಬಾಟಲಿ ಮತ್ತು ನೋಟುಬುಕ್ಕನ್ನು ಚೀಲದಲ್ಲಿಟ್ಟುಕೊಂಡು ಹೊರಟೆ. ಕಂದಲಗಾಂವದಲ್ಲಿ ಅವರ ಮನೆ ಕೇಳುವುದು ಕಷ್ಟವಾಗಲಿಲ್ಲ. ಬೇವಿನ ಕೆಳಗೆ ಹೊರಸಿನ ಮೇಲೆ, ಒಂದು ಕಾಲು ಚಾಚಿ ಕೂತಿದ್ದರು. ಆ ಕಾಲು ಮಡಚುವುದಿಲ್ಲ. ಸೊಸೆ ನೀರು ಕೊಟ್ಟಳು. ನಾನು ಯಾರೆಂದು ಹೇಳಿದೆ.

"ಗೊತ್ತಾತು," ಎಂದರು. "ಮುಂದಿನ ಸಾಲ್ಯಾಗ ಕೂತಿದ್ದಿ. ಯಾಕ ಬಂದಿ ತಂಗಿ?"

"ಮಾಮಾರ, ಕಾಕಾ ನಿಮಗ ಒಂದು ಮಾತ ಬರಸಿದ್ದ. ನಾ ಅದನ್ನ ಓದಸಲಿಲ್ಲ." ನೋಟುಬುಕ್ಕು ಮುಂದೆ ಹಿಡಿದೆ.

ಅವರು ಹಾಳೆ ನೋಡಿದರು. "ನಂದು ಮರಾಠಿ ಸಾಲಿ. ಮನ್ಯಾಗ ಮಾತಾಡೂದಷ್ಟ ಕನ್ನಡ. ನೀನ ಓದು."

ಬೇರೆಯವರ ಬಾಯಿಗೆ ಹಾಕಲು ಹೆದರಿದ್ದ ಸಾಲುಗಳನ್ನು ನನ್ನ ಬಾಯಿಯಿಂದಲೇ ಓದಬೇಕಾಯಿತು. ಸುಣ್ಣದ ಮಾತು ಬಂದಾಗ ಅವರು ಕೈ ಅಡ್ಡ ಹಿಡಿದು, "ಅದನ್ನ ಮತ್ತೊಮ್ಮಿ" ಎಂದರು. ಓದಿದೆ. ತಮ್ಮ ಬಲಗೈಯ ಬೆರಳುಗಳನ್ನು ಬಿಡಿಸಿ ನೋಡಿಕೊಂಡರು.

"ದವಾಖಾನ್ಯಾಗ ಮೊದಲ ನಾ ನೋಡಿದ್ದ ಇದನ್ನ," ಎಂದರು. "ಕಾಲ ಅಲ್ಲ. ಬೆರಳ. ಸುಣ್ಣ ಇರಬೇಕಲ್ಲ ಅಂತ. ಇರಲಿಲ್ಲ. ಊರ ಮಂದಿ, ಸೋತಾಂವ ಸುಳ್ಳ ಹೇಳತಾನ ಅಂದ್ರು. ಬರಬರತಾ ನನಗೂ ಹಂಗ ಅನಿಸಾಕತ್ತು. ಮುಟ್ಟಿಲ್ಲೇನೋ, ನಾನ ಮುಟ್ಟಿದಂಗ ತಿಳಕೊಂಡೀನೇನೋ. ಕಾಲ ಹೋತು ಅಂತ ಅಳಲಿಲ್ಲ ತಂಗಿ ನಾ. ನನ್ನ ಮಾತ ನನಗ ಖರೇ ಅನಸದಂಗ ಆತು."

ಸೊಸೆ ಚಹಾ ಇಟ್ಟು ಹೋದಳು. ಯಾರೂ ಮುಟ್ಟಲಿಲ್ಲ.

"ಬಾ ಅಂದಾನ ಅಂದ್ರು. ಅದಕ್ಕ ಬಂದಿದ್ನಿ. ಬಂದರ ಮತ್ತ ಅದ ಹಾಡು, ಎರಡೂ ಕೈ ಕೊಟ್ಟ. ಎದ್ದ ಬಂದೆ. ಮಣ್ಣಿನ ಸುದ್ದಿ ಬಂದ ದಿನಾ ಬೇಕಂತ ಹೊಲಕ್ಕ ಹೋದೆ."

"ಅದು ನಾ ಬರದದ್ರಿ. ಕಾಕಾ ತನ್ನ ಮಾತ ಓದ್ಯಾರಂತ ತಿಳದಿದ್ದ. ನಾ ಸನ್ನಿ ಮಾಡಿದೆ. ಕೈ ಎತ್ತಿದ."

ಅವರು ತಿರುಗಿ ನನ್ನ ಮುಖ ನೋಡಿದರು.

"ಕೈ ಎತ್ತಿದ್ನಾ?"

"ಹೌದ್ರಿ. ಚಪ್ಪಾಳಿ ನಿಂತ ಮ್ಯಾಲೂ ಇಳಸಲಿಲ್ಲ."

"ನಾ ನೋಡಲಿಲ್ಲ," ಎಂದರು. "ನನ್ನ ಬೆನ್ನ ಇತ್ತು ಆ ಕಡಿ."

ಬಾಟಲಿಯನ್ನು ಅವರ ಪಕ್ಕದಲ್ಲಿಟ್ಟೆ. ಯಾರು ಕುಟ್ಟಿದ್ದೆಂದು ಕೇಳಿದರು, ಹೇಳಿದೆ. ಸೊಸೆ ಒಳಗೊಯ್ಯಲು ಬಂದಾಗ, "ಇರಲಿ ಇಲ್ಲೇ" ಎಂದರು. ನಾನು ಏಳುವಾಗ ಕೋಲಿನಿಂದ ನೋಟುಬುಕ್ಕು ತೋರಿಸಿದರು.

"ಮುಂದಿನ ಐತವಾರ ಮತ್ತ ಬಾ. ನನ್ನ ಕೂಡ ಆಡಿದಾವ್ರು ನಾಕ ಮಂದಿ ಉಳದಾರ. ಹನುಮಪ್ಪನ ಗುಡಿ ಕಟ್ಟಿಗಿ ಕೂಡಸ್ತೀನಿ. ಅವರ ಮುಂದ ಓದು. ಗಟ್ಟಿ ಓದು, ಅವರಿಗೂ ಕಿವಿ ಕಡಿಮಿ."

ಹೋದೆ. ನಾಲ್ವರು ಮುದುಕರು, ಅವರು, ಕುತೂಹಲಕ್ಕೆ ನಿಂತ ಇಬ್ಬರು ಹೆಂಗಸರು. ಗಂಟಲು ಹರಿಯುವಂತೆ ಕೂಗಿ ಓದಿದೆ. ಸುಣ್ಣದ ಸಾಲು ಬರುತ್ತಿದ್ದಂತೆ ನನಗರಿವಿಲ್ಲದೆ ಕಣ್ಣು ಹಾಳೆಯಿಂದ ಮೇಲೆದ್ದಿತು, ತಲೆ ತಾನೇ ಅಲ್ಲಾಡಿತು. ಆ ಸನ್ನೆಗಾಗಿ ಕಾಯುತ್ತಿದ್ದವನು ಅಲ್ಲಿರಲಿಲ್ಲ.